ಮೊನೆಗಿಂತ ಹೆಚ್ಚು ಅದರ ಕಟ್ಟು
ಕಲ್ಲಿನ ಬೇಟೆಬಾಣವೆಂದರೆ ನಾವು ಮೊನೆಯನ್ನೇ ಹೊಗಳುತ್ತೇವೆ; ನಿಜವಾದ ಕುಶಲತೆಯಿರುವುದು ಅದನ್ನು ಕಡ್ಡಿಗೆ ಕೂರಿಸುವುದರಲ್ಲಿ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಶವವಾಗಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ‘ಓಟ್ಜಿ’ ಎಂಬ ಮನುಷ್ಯನ ಬತ್ತಳಿಕೆಯನ್ನೇ ನೋಡಿ. ಅದರ 14 ಬಾಣಗಳಲ್ಲಿ ಎರಡಕ್ಕಷ್ಟೇ ಚಕಮಕಿ ಕಲ್ಲಿನ ಮೊನೆಯಿತ್ತು. ಬರ್ಚ್ ತೊಗಟೆಯನ್ನು ಗಾಳಿಯಾಡದಂತೆ ಕಾಯಿಸಿ ತೆಗೆದ ಕಪ್ಪು ಅಂಟಿನಿಂದ ಅದನ್ನು ಕೂರಿಸಿ, ಮೇಲೆ ದಾರ ಸುತ್ತಿದ್ದರು. ಬಿಸಿಯಲ್ಲಿ ಮೆತ್ತಗಾಗಿ, ಆರಿದ ಮೇಲೆ ಗಟ್ಟಿಯಾಗುವ ಆ ಅಂಟು ಸಂದುಗಳನ್ನೆಲ್ಲ ತುಂಬುತ್ತದೆ. ಬಡಿತಕ್ಕೆ ಕಡ್ಡಿಯ ತುದಿ ಸೀಳದಂತೆ ದಾರ ಬಿಗಿಹಿಡಿಯುತ್ತದೆ. ಎಷ್ಟು ಸೊಗಸಾದ ಕೆಲಸಹಂಚಿಕೆ! ಹಾಗಾದರೆ 2001ರಲ್ಲಿ ಓಟ್ಜಿಯ ಎಡಭುಜದಲ್ಲೇ ಪತ್ತೆಯಾದ ಮೊನೆಗೆ ಕಡ್ಡಿಯೇ ಇರಲಿಲ್ಲವಲ್ಲ, ಕಟ್ಟು ದುರ್ಬಲವಲ್ಲವೇ ಎಂದು ಕೇಳಬಹುದು. ಆದರೆ ಹೊಕ್ಕ ಬಾಣದ ಕಡ್ಡಿಯನ್ನು ಹಿಂದಕ್ಕೆಳೆದಾಗ ಮೊನೆ ಕಳಚುವುದು ಬೇರೆ, ಬಾಣ ಮುನ್ನುಗ್ಗುವಾಗ ಕಳಚುವುದು ಬೇರೆ. ಆ ಮೊನೆ ಭುಜದ ಎಲುಬನ್ನು ತೂರಿ, ದೊಡ್ಡ ರಕ್ತನಾಳವನ್ನು ಹರಿದಿತ್ತು. ಅಲ್ಲಿಯವರೆಗೂ ಕಟ್ಟು ತಡೆದುಕೊಂಡಿತ್ತು.