ಮಳೆಗಾಲದಲ್ಲಿ ಕಾಣದ ಆರಿದ್ರಾ

ಮಿರಗದ ಮಳೆ ಕೈಕೊಟ್ಟರೂ ಹಾವೇರಿ ಸೀಮೆಯ ರೈತ ಆಸೆ ಬಿಡುವುದಿಲ್ಲ; ಹಿಂದೆಯೇ ಆರಿದ್ರಾ ಬರುತ್ತದಲ್ಲ. ಜೂನ್ 21–22ರ ಸುಮಾರಿಗೆ ಶುರುವಾಗಿ ಎರಡು ವಾರ ನಡೆಯುವ ಈ ಮಳೆಯನ್ನು ನೆಚ್ಚಿಯೇ ಗೋವಿನಜೋಳ, ಹತ್ತಿಯ ಎಷ್ಟೋ ಬಿತ್ತನೆ ನಡೆಯುತ್ತದೆ. ಆದರೆ ಆ ಹೊತ್ತಿನಲ್ಲಿ ಆರಿದ್ರಾ ನಕ್ಷತ್ರವನ್ನು ತೋರಿಸಿ ಎಂದರೆ ಯಾರಿಂದಲೂ ಆಗದು. ಸೂರ್ಯ ಆಗ ಅದರ ಪಕ್ಕದಲ್ಲೇ ಇರುತ್ತಾನೆ, ಅದಕ್ಕೇ ಮಳೆಗೆ ಆ ಹೆಸರು. ಮೋಡವೇ ಇಲ್ಲದಿದ್ದರೂ ಹಗಲ ಬೆಳಕಿನಲ್ಲಿ ಅದು ಮುಚ್ಚಿಹೋಗಿರುತ್ತದೆ.

ನೋಡಬೇಕಾದರೆ ಮೆಣಸಿನಕಾಯಿ ಸುಗ್ಗಿಗೆ ಕಾಯಬೇಕು. ಬ್ಯಾಡಗಿ ಮಾರುಕಟ್ಟೆಗೆ ಚೀಲಗಳು ಬಂದು ಬೀಳುವ ಫೆಬ್ರುವರಿಯಲ್ಲಿ, ರಾತ್ರಿ ಒಂಬತ್ತರ ಹೊತ್ತಿಗೆ ಆರಿದ್ರಾ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಸಾಲಾಗಿ ನಿಂತ ಮೂರು ಚಿಕ್ಕೆಗಳನ್ನು ಮೊದಲು ಗುರುತಿಸಿ. ಅವುಗಳ ಉತ್ತರಕ್ಕೆ ಹೊಳೆಯುವ ಕೆಂಚು ಚಿಕ್ಕೆಯೇ ಇದು. ಬ್ಯಾಡಗಿ ಕಾಯಿಯಷ್ಟು ಕೆಂಪಿರುತ್ತದೆಂದು ತಲೆ ಎತ್ತಿದರೆ ನಿರಾಸೆಯಾದೀತು, ಕಣ್ಣಿಗೆ ಕಾಣುವುದು ಕಿತ್ತಳೆ ಬಣ್ಣವೇ. ಪೇಟೆಯ ದೀಪಗಳ ನಡುವೆಯೂ ಕಾಣುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಆಚೆಯ ಹೊಲಗಳಲ್ಲಿ ನಿಂತರಂತೂ ಬಣ್ಣ ಇನ್ನೂ ನಿಚ್ಚಳ.

ಪಾಶ್ಚಾತ್ಯರ ಬೀಟಲ್‌ಜ್ಯೂಸ್ ಇದೇ. ಮುಪ್ಪಿನಲ್ಲಿ ಉಬ್ಬಿದ ಕೆಂಪು ಮಹಾದೈತ್ಯ. ಸೂರ್ಯನ ಜಾಗದಲ್ಲಿ ಇದನ್ನಿಟ್ಟರೆ ಮೈ ಮಂಗಳನ ಕಕ್ಷೆಯನ್ನೂ ದಾಟುತ್ತದೆ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಕಾದಿದ್ದರೆ ಇದರದ್ದು 3,300ರ ಆಸುಪಾಸು. ಕೆಂಪಿಗೆ ಈ ತಂಪೇ ಕಾರಣ. ಇಷ್ಟು ಹಿಗ್ಗಿದ ಹೊರಮೈ ಮೇಲೆ ಒಳಗಿನ ಹಿಡಿತ ಸಡಿಲ. ಹಾಗಾಗಿ ಅದು ಸುಮಾರು 400 ದಿನಗಳಿಗೊಮ್ಮೆ ಹಿಗ್ಗಿ ಕುಗ್ಗುತ್ತದೆ, ಜೊತೆಗೇ ಬೆಳಕೂ ಏರಿಳಿಯುತ್ತದೆ. 1836ರಲ್ಲಿ ಖಗೋಳಜ್ಞ ಜಾನ್ ಹರ್ಷೆಲ್ ಇದನ್ನು ಗಮನಿಸಿದ್ದು ಬರಿಗಣ್ಣಿನಿಂದಲೇ. ಇದರ ಮೇಲೆ ಸುಮಾರು ಆರು ವರ್ಷದ ಇನ್ನೊಂದು ನಿಧಾನದ ಏರಿಳಿತವಿದೆ. ಅದಕ್ಕೆ ಸಂಗಾತಿ ನಕ್ಷತ್ರವೊಂದು ಕಾರಣವಿರಬೇಕು ಎಂಬ ಊಹೆಗೆ 2025ರಲ್ಲಿ ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕದ ಚಿತ್ರಗಳು ಬಲ ಕೊಟ್ಟವು.

2019ರ ಕೊನೆಗೆ ಆರಿದ್ರಾ ಎಂದೂ ಇಲ್ಲದಷ್ಟು ಮಂಕಾಯಿತು. ಫೆಬ್ರುವರಿ 2020ಕ್ಕೆ ಎಂದಿನ ಬೆಳಕಿನ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಇನ್ನೇನು ಸಿಡಿಯಿತು ಎಂದು ಟಿ.ವಿ.ಯವರು ಸಂಭ್ರಮಪಟ್ಟರು. ನಡೆದದ್ದೇ ಬೇರೆ: ನಕ್ಷತ್ರ ಹೊರಗೆ ಉಗುಳಿದ ಅನಿಲ ತಣಿದು ದೂಳಾಗಿ, ನಮ್ಮ ಕಡೆಯ ಮೈಗೆ ಅಡ್ಡ ಬಂದಿತ್ತು. ಅನಿಲ ಎದ್ದುಹೋದ ಜಾಗವೂ ತಂಪಾಗಿತ್ತು. ಕೆಲವೇ ತಿಂಗಳಲ್ಲಿ ಹೊಳಪು ಮರಳಿತು. ಸಿಡಿಯುವುದು ಖಚಿತವೇ, ಆದರೆ ಅದಕ್ಕೆ ಇನ್ನೂ ಲಕ್ಷ ವರ್ಷ ಹಿಡಿಯಬಹುದು.

ಆರಿದ್ರಾದ ಏರಿಳಿತ ಸಣ್ಣದು. ಮೀರಾ ಎಂಬ ನಕ್ಷತ್ರದ ಬಗೆಯ ಕೆಂಪು ದೈತ್ಯಗಳದ್ದು ನೂರಾರು ಪಟ್ಟು. ಅಂಥದ್ದೊಂದನ್ನು, ಆರ್ ರೆಟಿಕ್ಯುಲಿಯನ್ನು, 1867ರಲ್ಲಿ ಪತ್ತೆ ಹಚ್ಚಿದವರು ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ.

ಆರಿದ್ರಾದ ಬೆಳಕನ್ನು ಅಳೆಯಲು ಸಲಕರಣೆ ಬೇಡ. ಪಶ್ಚಿಮಕ್ಕೆ ರೋಹಿಣಿ ಇದೆ, ಅದರ ಹೊಳಪಿನ ಅಂಕ ಸುಮಾರು 0.9, ಪೂರ್ವಕ್ಕೆ ಪ್ರೊಸಿಯಾನ್, ಸುಮಾರು 0.4. ಅಂಕ ಕಡಿಮೆಯಾದಷ್ಟೂ ಹೊಳಪು ಹೆಚ್ಚು. ಆರಿದ್ರಾ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆಂದು ಅಂದಾಜಿಸಿ ತಾರೀಖಿನೊಂದಿಗೆ ಬರೆದಿಡಿ. ಮೂರೂ ಆಕಾಶದಲ್ಲಿ ಎತ್ತರಕ್ಕೇರಿದ ಮೇಲೆಯೇ ಹೋಲಿಸಬೇಕು. ದಿಗಂತದ ಬಳಿ ದೂಳು, ಮಂಜು ಸೇರಿ ಯಾವ ಚಿಕ್ಕೆಯನ್ನಾದರೂ ಮಂಕಾಗಿಸುತ್ತವೆ.