ತಿರುಗಬೇಕಾದ್ದು ಪಾದ ಅಲ್ಲ!

‘ಇನ್ನೂ ಕೆಳಗ ಕೂಡು, ಇನ್ನೂ ಕೆಳಗ... ಪಾದ ತಿರುಗಿಸು!’

ಈ ಮಾತು ಕೇಳದೆ ನನ್ನ ಒಂದು ಭಾನುವಾರವೂ ಮುಗಿದದ್ದಿಲ್ಲ. ನಮ್ಮದು ವಾಡಿ. ರೈಲು ಬದಲಿಸುವವರಿಗೆ ಜಂಕ್ಷನ್, ಉಳಿದವರಿಗೆ ಸಿಮೆಂಟ್ ಊರು. ಇಲ್ಲಿದ್ದುಕೊಂಡು ಭರತನಾಟ್ಯ ಕಲಿಯುತ್ತೇನೆ ಅಂದರೆ ‘ಅದಕ್ಕ ಬೆಂಗಳೂರಿಗಿ ಹೋಗ್ತೀ ಏನು?’ ಅಂತ ಕೇಳುತ್ತಾರೆ. ಹೋಗಬೇಕಿಲ್ಲ. ನಮ್ಮ ಮೇಡಂ ಒಬ್ಬರೇ ಐದು ಊರು ತಿರುಗಿ ಕಲಿಸುತ್ತಾರೆ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂಗೆ ರೈಲು ಇದೆ. ಚಿಂಚೋಳಿಗೆ ರೈಲಿಲ್ಲ, ಸೇಡಂನಿಂದ ಬಸ್ಸು ಹಿಡಿಯುತ್ತಾರೆ. ಕೈಯಲ್ಲಿ ತಟ್ಟುಮಣೆ ಚೀಲ, ಬಾಯಲ್ಲಿ ಜತಿ.

ಮೇಡಂ ಬಳಿ ಕಲಿಯುವ ನಾವೆಲ್ಲ ವರ್ಷಕ್ಕೊಮ್ಮೆ ಸೇಡಂನಲ್ಲಿ ಒಟ್ಟಿಗೆ ಕುಣಿಯುತ್ತೇವೆ. ಕಳೆದ ವರ್ಷ ಆ ಕಾರ್ಯಕ್ರಮ ಮುಗಿದ ಕೂಡಲೇ ನನ್ನ ಸೀನಿಯರ್ ಪರೀಕ್ಷೆ ಇತ್ತು. ನನ್ನ ಒಂದೇ ಒಂದು ಸಮಸ್ಯೆ ಅರೆಮಂಡಿ. ಮೊಣಕಾಲು ಮಡಚಿ, ಎರಡೂ ಪಕ್ಕಕ್ಕೆ ಅಗಲಿಸಿ, ಬೆನ್ನು ನೇರ ಇಟ್ಟು ಅರ್ಧ ಕೂರುವ ಭಂಗಿ. ಭರತನಾಟ್ಯದ ಅಡವುಗಳ ಅಡಿಪಾಯವೇ ಅದು. ಕೆಳಗೆ ಕೂತರೆ ನನ್ನ ಬೆನ್ನು ಮುಂದೆ ಬಾಗುತ್ತಿತ್ತು, ಪಾದ ತಿರುಗಿಸಿದರೆ ಮೊಣಕಾಲು ಒಳಗೆ ಬರುತ್ತಿತ್ತು.

ಹಟ ಬಂತು. ಮನೆಯಲ್ಲಿ ಪಾದಗಳನ್ನು ಗೋಡೆಯ ಹಾಗೆ ನೇರ ಗೆರೆಗೆ ತಂದಿಟ್ಟು, ಆಮೇಲೆ ಮೊಣಕಾಲು ಮಡಚತೊಡಗಿದೆ. ಚಿಟ್ಟೆ ಭಂಗಿಯಲ್ಲಿ ಕೂತು ಗೆಳತಿಗೆ ‘ಮೊಣಕಾಲ ಮ್ಯಾಲ ನಿಂದ್ರು’ ಅಂದೆ. ಅವಳು ಪಾಪ, ನಿಂತಳು! ಎರಡನೇ ವಾರ ನಾಟ್ಟಡವು ಮಾಡುವಾಗ ಎಡ ಮೊಣಕಾಲಿನ ಒಳಬದಿ ಚಳಕ್ ಅಂತು. ಮರುದಿನ ಕಾಲೇಜಿನ ಮೆಟ್ಟಿಲು ಹತ್ತಲಾಗಲಿಲ್ಲ.

ಕಲಬುರಗಿಯಲ್ಲಿ ಡಾಕ್ಟರ್ ನೋಡಿ, ‘ಲಿಗಮೆಂಟ್ ಎಳೆದದ, ಹರಿದಿಲ್ಲ. ಪುಣ್ಯ. ಆರು ವಾರ ಕುಣಿಬ್ಯಾಡ’ ಅಂದರು. ಕಾರ್ಯಕ್ರಮ ಹೋಯಿತು, ಪರೀಕ್ಷೆಯೂ ಹೋಯಿತು. ರೈಲಿನಲ್ಲಿ ವಾಪಸ್ ಬರುವಾಗ ಶಹಾಬಾದ್ ದಾಟುವವರೆಗೂ ಅತ್ತೆ.

ಬಾಗಿಲ ಕೀಲು, ಬಟ್ಟಲ ಕೀಲು

ಆರು ವಾರದಲ್ಲಿ ನಾನು ಕಲಿತದ್ದು ಆರು ವರ್ಷದಲ್ಲಿ ಕಲಿತಿರಲಿಲ್ಲ. ಫಿಸಿಯೊಥೆರಪಿ ಮೇಡಂ ಮೊದಲ ದಿನವೇ, ‘ಇದಕ್ಕ ಬ್ಯಾಲೆದಾಗ ಟರ್ನ್‌ಔಟ್ ಅಂತಾರ. ಅಲ್ಲೂ ಇದೇ ತಪ್ಪು ಮಾಡ್ತಾರ’ ಅಂದರು. ಫ್ರಾನ್ಸಿನ 14ನೇ ಲೂಯಿ ದೊರೆ 1661ರಲ್ಲಿ ನೃತ್ಯ ಅಕಾಡೆಮಿ ಕಟ್ಟಿದ. ಬ್ಯಾಲೆಯ ಐದು ಪಾದಭಂಗಿಗಳು ಗಟ್ಟಿಯಾದದ್ದು ಅವನ ಕಾಲದಲ್ಲೇ. ಐದರಲ್ಲೂ ಕಾಲು ಹೊರಕ್ಕೆ ತಿರುಗಿರಬೇಕು. ನಮ್ಮ ಬಾದಾಮಿಯ ಮೊದಲ ಗುಹೆಯಲ್ಲಿ 18 ಕೈಗಳ ನಟರಾಜ ಇದ್ದಾನಲ್ಲ, ಆರನೇ ಶತಮಾನದವನು, ಅವನ ಮೊಣಕಾಲೂ ಹೊರಕ್ಕೇ ತೆರೆದಿದೆ. ಎರಡು ಲೋಕದ ಕುಣಿತ, ಆದರೆ ಮನುಷ್ಯನ ಎಲುಬು ಒಂದೇ.

ಎರಡಕ್ಕೂ ನೇರ ನಂಟಿರುವ ಒಬ್ಬರೂ ಇದ್ದಾರೆ. ಭರತನಾಟ್ಯಕ್ಕೆ ಇವತ್ತಿನ ಗೌರವ ತಂದುಕೊಟ್ಟವರಲ್ಲಿ ಪ್ರಮುಖರಾದ ರುಕ್ಮಿಣಿ ದೇವಿ ಅರುಂಡೇಲ್ ಮೊದಲು ಕಲಿತದ್ದು ಬ್ಯಾಲೆ! ರಷ್ಯಾದ ಅನ್ನಾ ಪಾವ್ಲೋವಾ ಅವರ ತಂಡದ ಕ್ಲಿಯೊ ನಾರ್ಡಿ ಅವರಿಗೆ ಕಲಿಸಿದ್ದರು. ಆಮೇಲೆ ನಮ್ಮ ನೃತ್ಯದತ್ತ ತಿರುಗಿ 1936ರಲ್ಲಿ ಮದ್ರಾಸಿನಲ್ಲಿ ಕಲಾಕ್ಷೇತ್ರ ಕಟ್ಟಿದರು.

ನಾನು ಓದುತ್ತಿರುವುದು ಮೆಕ್ಯಾನಿಕಲ್. ಕೀಲುಗಳ ಬಗ್ಗೆ ಪರೀಕ್ಷೆ ಬರೆದು ಪಾಸಾದವಳು. ನನ್ನ ಮೈಯಲ್ಲೇ ಇರುವ ಕೀಲು ಮಾತ್ರ ತಿಳಿದಿರಲಿಲ್ಲ. ಮೊಣಕಾಲು ಹೆಚ್ಚು ಕಡಿಮೆ ಬಾಗಿಲ ಕೀಲಿನ ಹಾಗೆ: ಮಡಚುತ್ತದೆ, ಬಿಚ್ಚುತ್ತದೆ, ತಿರುಗುವುದು ಬಹಳ ಕಡಿಮೆ. ತೊಡೆ ಸೊಂಟಕ್ಕೆ ಸೇರುವ ಕಡೆ ಇರುವುದು ಬಟ್ಟಲಲ್ಲಿ ಕೂತ ಚೆಂಡು. ಅದು ಎಲ್ಲ ದಿಕ್ಕಿಗೂ ತಿರುಗುತ್ತದೆ. ಕಾಲು ಹೊರಕ್ಕೆ ತಿರುಗಬೇಕಾದ್ದು ಅಲ್ಲಿಂದ. ನಾನು ಪಾದವನ್ನು ನೆಲಕ್ಕೆ ಕಚ್ಚಿಸಿ ತಿರುಗಿಸಿದಾಗ ಸೊಂಟ ಕೊಡದ ತಿರುವನ್ನು ಮೊಣಕಾಲಿನಿಂದ ಕಿತ್ತುಕೊಂಡಿದ್ದೆ. ಬಾಗಿಲನ್ನು ಅಡ್ಡಕ್ಕೆ ತಿರುಚಿದರೆ ಕೀಲು ಕಿತ್ತು ಬರದೆ ಇನ್ನೇನಾಗುತ್ತದೆ?

ನನ್ನ ತಿರುವು ಎಷ್ಟಿದೆ ಎಂದು ಅಳೆದೂ ನೋಡಿದೆವು. ಬೋರಲು ಮಲಗಿ, ಮೊಣಕಾಲು 90 ಡಿಗ್ರಿ ಮಡಚಿ, ಪಾದವನ್ನು ಇನ್ನೊಂದು ಕಾಲಿನ ಕಡೆಗೆ ಸುಮ್ಮನೆ ಬೀಳಲು ಬಿಡಬೇಕು. ಎಷ್ಟು ಬಿತ್ತೋ ಅಷ್ಟು ಸೊಂಟದ ತಿರುವು. ಬಲಕ್ಕೆ 48 ಡಿಗ್ರಿ, ಎಡಕ್ಕೆ 41. ಎರಡೂ ಕೂಡಿಸಿದರೆ 89. ನಾನು ಒತ್ತಾಯದಿಂದ ನಿಲ್ಲುತ್ತಿದ್ದದ್ದು 180ರಲ್ಲಿ!

ಇದರಲ್ಲಿ ಒಂದಿಷ್ಟು ಎಲುಬಿನ ಆಕಾರ. ತೊಡೆ ಎಲುಬಿನ ಕುತ್ತಿಗೆ ಕೆಲವರಿಗೆ ಜಾಸ್ತಿ ಮುಂದಕ್ಕೆ ತಿರುಗಿರುತ್ತದೆ. ಅಂಥವರಿಗೆ ಹೊರತಿರುವು ಕಡಿಮೆ. ಅದನ್ನು ಇಪ್ಪತ್ತನೇ ವಯಸ್ಸಿನಲ್ಲಿ ಯಾವ ವ್ಯಾಯಾಮವೂ ಬದಲಿಸದು. ಉಳಿದದ್ದು ಸ್ನಾಯು. ಪೃಷ್ಠದ ದೊಡ್ಡ ಸ್ನಾಯುವಿನ ಕೆಳಗೆ ಆರು ಪುಟ್ಟ ಸ್ನಾಯುಗಳು ಅಡಗಿವೆ. ತೊಡೆಯನ್ನು ಹೊರಕ್ಕೆ ತಿರುಗಿಸಿ ಹಿಡಿಯುವುದು ಅವುಗಳ ಕೆಲಸ. ಇರುವ ತಿರುವನ್ನೇ ಅರ್ಧ ಬಳಸುವವರು ಬಹಳ ಮಂದಿ. ಗಟ್ಟಿ ಮಾಡಬೇಕಾದ್ದು ಅವನ್ನು.

ಅದಕ್ಕೆ ನನಗೆ ಕೊಟ್ಟ ವ್ಯಾಯಾಮ ನೋಡಿದರೆ ನಗು ಬರುತ್ತದೆ. ಮಗ್ಗುಲಾಗಿ ಮಲಗಿ, ಮೊಣಕಾಲು ಮಡಚಿ, ಹಿಮ್ಮಡಿಗಳನ್ನು ಕೂಡಿಸಿ, ಮೇಲಿನ ಮೊಣಕಾಲನ್ನು ಕಪ್ಪೆಚಿಪ್ಪಿನ ಹಾಗೆ ತೆರೆದು ಮುಚ್ಚುವುದು. ಸೊಂಟ ಹಿಂದಕ್ಕೆ ಉರುಳಬಾರದು. 15 ಸಲ ಮಾಡುವಷ್ಟರಲ್ಲಿ ನನಗೆ ಬೆವರು.

ಎಂಟು ಕಿಲೊ, ಎಪ್ಪತ್ತು ಕಿಲೊ

ಇನ್ನೊಂದು ಆಸೆ ನಟರಾಜನ ಹಾಗೆ ಕಾಲೆತ್ತಿ ನಿಲ್ಲುವುದು. ‘ಸ್ಟ್ರೆಚ್ ಮಾಡು, ಕಾಲು ತಾನೇ ಏಳ್ತದ’ ಎಂದು ನಂಬಿದ್ದೆ. ಕೈಯಲ್ಲಿ ಹಿಡಿದು ಎತ್ತಿದರೆ ಕಾಲು ಎದೆಯವರೆಗೂ ಬರುತ್ತಿತ್ತು. ಕೈ ಬಿಟ್ಟರೆ ಸೊಂಟದ ಕೆಳಗೇ!

ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ನನ್ನ ತೂಕ 48 ಕಿಲೊ. ಒಂದು ಕಾಲು ಮೈತೂಕದ ಆರನೇ ಒಂದು ಭಾಗ ಅಂತ ಹಿಡಿದರೆ 8 ಕಿಲೊ. ಅದರ ಭಾರಕೇಂದ್ರ ಸೊಂಟದ ಕೀಲಿನಿಂದ ಸುಮಾರು 35 ಸೆಂಟಿಮೀಟರ್ ದೂರ. ನೆಲಕ್ಕೆ ಸಮಾನಾಂತರವಾಗಿ ಚಾಚಿದರೆ ಟಾರ್ಕ್ ಸುಮಾರು 27 ನ್ಯೂಟನ್ ಮೀಟರ್. ಕಾಲು ಎತ್ತುವ ಸ್ನಾಯು ಎಳೆಯುವುದು ಕೀಲಿನಿಂದ ನಾಲ್ಕೇ ಸೆಂಟಿಮೀಟರ್ ದೂರದಲ್ಲಿ. ಭಾಗಿಸಿ ನೋಡಿ: ಸುಮಾರು 70 ಕಿಲೊ ಎತ್ತುವಷ್ಟು ಬಲ. ನನ್ನ ತೂಕದ ಒಂದೂವರೆ ಪಟ್ಟು! ಸ್ಥೂಲ ಲೆಕ್ಕವೇ ಆದರೂ ಮಾತು ಅರ್ಥವಾಯಿತು. ತೊಡೆಯ ಹಿಂಬದಿ ಸಡಿಲವಾದರೆ ಕಾಲಿಗೆ ದಾರಿ ಸಿಗುತ್ತದೆ, ಏರಿಸಿ ಹಿಡಿಯಲು ಶಕ್ತಿಯೇ ಬೇಕು. ಹಾಗಾಗಿ ಈಗ ಮೊದಲು ಮೊಣಕಾಲು ಮಡಚಿ ಎತ್ತಿ, ಆಮೇಲೆ ನಿಧಾನ ಬಿಚ್ಚಿ, ಐದು ಎಣಿಸಿ ಇಳಿಸುತ್ತೇನೆ. ಮಡಚಿದ ಕಾಲಿನ ಭಾರ ಕೀಲಿಗೆ ಹತ್ತಿರ, ಹಾಗಾಗಿ ಹಗುರ.

ಇನ್ನೊಂದು ಗುಟ್ಟೂ ಇದೆ. ಕಾಲನ್ನು ಪಕ್ಕಕ್ಕೆ ನೇರ ಎತ್ತಿದರೆ ತೊಡೆ ಎಲುಬಿನ ಹೊರಗಿನ ಗುಬುಟು ಸೊಂಟದ ಎಲುಬಿಗೆ ತಡೆಯುತ್ತದೆ. ತೊಡೆಯನ್ನು ಹೊರಕ್ಕೆ ತಿರುಗಿಸಿ ಎತ್ತಿದರೆ ಅದು ಹಿಂದೆ ಸರಿದು ದಾರಿ ಬಿಡುತ್ತದೆ. ತಿರುವು ಅಂದಕ್ಕಷ್ಟೇ ಅಲ್ಲ, ಎತ್ತರಕ್ಕೂ ಬೇಕು.

ಪದರು ನೋಡಿ ಉಳಿ

ಅಪ್ಪ ಶಹಾಬಾದ್ ಕಡೆಯ ಪರ್ಸಿ ಖಣಿಯಲ್ಲಿ ಕೆಲಸ ಮಾಡುತ್ತಾರೆ. ನಾನು ಹಟದಲ್ಲಿ ಮತ್ತೆ ಅರೆಮಂಡಿಗೆ ಕೂತದ್ದು ನೋಡಿ ಒಂದು ದಿನ ಅಂದರು: ‘ಯವ್ವಾ, ಕಲ್ಲಿನ ಪದರು ನೋಡಿ ಉಳಿ ಇಡಬೇಕು. ಇಲ್ಲಂದ್ರ ಎಷ್ಟು ಹೊಡದ್ರೂ ಒಡೀತದ, ಸೀಳಂಗಿಲ್ಲ.’

ಪರ್ಸಿಯಿಂದಲೇ ಇನ್ನೊಂದು ಪಾಠ. ಬ್ಯಾಲೆ ಕಲಿಯುವವರಿಗೆ ಕೆಳಗೆ ಸ್ವಲ್ಪ ಪುಟಿಯುವ ಮರದ ನೆಲ ಇರುತ್ತದೆ. ನಾವು ಬರಿಗಾಲಲ್ಲಿ ತಟ್ಟುವುದು ಕಲ್ಲಿನ ಮೇಲೆ. ಏಟು ಪೂರ್ತಿ ಕಣಕಾಲಿನ ಎಲುಬಿಗೇ. ಈಗ ಮೇಡಂಗೂ ಹೇಳಿ, ಜಿಗಿಯುವ ಅಡವುಗಳನ್ನು ರಬ್ಬರ್ ಮ್ಯಾಟಿನ ಮೇಲೆ ಮಾಡುತ್ತೇವೆ.

ನಾಲ್ಕು ತಿಂಗಳಾದ ಮೇಲೆ ಮತ್ತೆ ಅಳೆದೆ. ಎಡಕ್ಕೆ 45, ಬಲಕ್ಕೆ 50. ಅಷ್ಟೇ! ಆದರೆ ಅಷ್ಟನ್ನೂ ಈಗ ಸೊಂಟದಿಂದ ಬಳಸುತ್ತೇನೆ. ಮೊಣಕಾಲು ಪಾದದ ಎರಡನೇ ಬೆರಳಿನ ನೇರಕ್ಕೆ ನಿಲ್ಲುತ್ತದೆ. ಪಾದ ನೇರ ಗೆರೆಗೆ ಬರುವುದಿಲ್ಲ, ಬೆನ್ನು ಮಾತ್ರ ನೆಟ್ಟಗಿದೆ. ಮೇಡಂ ಸುತ್ತ ನಡೆದು ನೋಡಿ, ‘ಈಗ ಕೂತಿ’ ಅಂದರು.

ಆದರೂ ‘ಅಗಲ ಇಲ್ಲದ ಅರೆಮಂಡಿ’ ಎಂಬ ಕೊರಗು ಇತ್ತು. ಅದನ್ನು ಕಡಿಮೆ ಮಾಡಿದ್ದು ಮೇಡಂ ಹೇಳಿದ ಕೆ. ವೆಂಕಟಲಕ್ಷ್ಮಮ್ಮ ಅವರ ಕಥೆ. ಕಡೂರು ಕಡೆಯ ಲಂಬಾಣಿ ತಾಂಡಾದಲ್ಲಿ 1906ರಲ್ಲಿ ಹುಟ್ಟಿ, ಜಟ್ಟಿ ತಾಯಮ್ಮನವರ ಶಿಷ್ಯೆಯಾಗಿ, ಮೈಸೂರು ಅರಮನೆಯ ನರ್ತಕಿಯಾಗಿ, 1992ರಲ್ಲಿ ಪದ್ಮಭೂಷಣ ಪಡೆದವರು. ಜನ ಅವರನ್ನು ನೆನೆಯುವುದು ಅಭಿನಯಕ್ಕೆ. ಮೇಡಂ ಇದನ್ನು ಹೇಳಿದ್ದು ಚಿಂಚೋಳಿ ಕ್ಲಾಸಿನಲ್ಲಿ. ತಾಂಡಾದಿಂದ ಬರುವ ಇಬ್ಬರು ಹುಡುಗಿಯರು ಅವತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದು ನನಗಿನ್ನೂ ನೆನಪಿದೆ.

ಈಗ ಮೇಡಂ ಶಹಾಬಾದ್‌ನ ಚಿಕ್ಕ ಮಕ್ಕಳ ಕ್ಲಾಸನ್ನು ನನಗೆ ಬಿಟ್ಟಿದ್ದಾರೆ. ಹೋದ ವಾರ ಒಬ್ಬ ಪುಟ್ಟಿ ಹಲ್ಲು ಕಚ್ಚಿ ಪಾದ ತಿರುಗಿಸುತ್ತಿದ್ದಳು. ಮೊಣಕಾಲು ಒಳಗೆ. ಥೇಟ್ ನಾನೇ. ಅವಳ ಗೆಳತಿ ಆಗಲೇ ಬೆನ್ನು ಒತ್ತಲು ಸಿದ್ಧಳಾಗಿದ್ದಳು.

‘ಬಿಡು ಬಿಡು’ ಅಂತ ಓಡಿದೆ. ಅವಳ ಕೈಯನ್ನು ಸೊಂಟದ ಮೇಲಿಟ್ಟು, ‘ಇಲ್ಲಿಂದ ತಿರುಗಿಸು. ಪಾದ ಎಲ್ಲಿಗೆ ಬರ್ತದೋ ಅಲ್ಲಿಗೆ ಬರಲಿ’ ಅಂದೆ.

ಪಾದ ಸ್ವಲ್ಪವೇ ತಿರುಗಿತು. ಅವಳಿಗೆ ಬೇಜಾರು. ‘ಅಕ್ಕಾ, ಇಷ್ಟೇನಾ?’

‘ಇವತ್ತಿಗಿ ಇಷ್ಟೇ’ ಅಂದೆ. ಆಮೇಲೆ ಇಬ್ಬರೂ ಪರ್ಸಿ ಮೇಲೆ ಚಾಪೆ ಹಾಸಿ, ಮಗ್ಗುಲಾಗಿ ಮಲಗಿ, ಕಪ್ಪೆಚಿಪ್ಪು ತೆರೆದು ಮುಚ್ಚಿದೆವು. ಹದಿನೈದು ಸಲ.

– ಬಿ.ಇ. ವಿದ್ಯಾರ್ಥಿನಿ, ವಾಡಿ