ಪತ್ರಿಕೆ ಪುಟದಲ್ಲಿ ಕಾಣದ ಗೆರೆಗಳು

ಹೂಡೆ ಊರಿನ ಯಾವುದಾದರೂ ಅಂಗಡಿಯಲ್ಲಿ ಇವತ್ತಿನ ಉದಯವಾಣಿ ತಗೊಳ್ಳಿ. 1970ರಿಂದ ಮಣಿಪಾಲದಿಂದ ಬರ್ತಿರೋ ಪತ್ರಿಕೆ. ಮುಖಪುಟ ಬಿಡಿಸಿ, ಒಂದು ಕಾಲಂನ ಎಡ ಅಂಚಿಗೆ ಸ್ಕೇಲ್ ಇಡಿ. ಮೇಲಿನ ಸುದ್ದಿ, ನಡುವಿನ ಫೋಟೋ, ಕೆಳಗಿನ ಬಾಕ್ಸ್, ಬಹುತೇಕ ಎಲ್ಲವೂ ಇಂಥ ನೇರ ಗೆರೆಗಳಿಗೇ ಅಂಟಿಕೊಂಡಿರುತ್ತವೆ. ಇದೇ ಗ್ರಿಡ್.

ಪುಟವನ್ನು ಮೊದಲೇ ಕಾಲಂಗಳಾಗಿ ಹಂಚಿ, ನಡುವೆ ಒಂದೇ ಅಳತೆಯ ಖಾಲಿ ಜಾಗ ಬಿಟ್ಟಿರ್ತಾರೆ. ರಾತ್ರಿ ತಡವಾಗಿ ದೊಡ್ಡ ಸುದ್ದಿ ಬಂದರೂ ಪುಟ ಕೆಡದೇ ಇರೋದು ಇದರಿಂದಲೇ.

ಸ್ವಿಸ್ ವಿನ್ಯಾಸಕಾರ ಯೋಸೆಫ್ ಮ್ಯುಲರ್-ಬ್ರೋಕ್‌ಮನ್ 1981ರಲ್ಲಿ ಗ್ರಿಡ್ ಬಗ್ಗೆಯೇ ಒಂದು ಪುಸ್ತಕ ತಂದರು. ಆದರೆ ಅವರ ಅಳತೆಗಳು ರೋಮನ್ ಅಕ್ಷರಕ್ಕೆ.

ಕನ್ನಡದ ಕಷ್ಟ ಬೇರೆ. ‘ರಾಷ್ಟ್ರ’ ಅಂತ ಟೈಪ್ ಮಾಡಿ ನೋಡಿ. ಎರಡು ಒತ್ತುಗಳು ಸಾಲಿನಿಂದ ಕೆಳಗೆ ಇಳಿಯುತ್ತವೆ. ಅದರ ಕೆಳಗಿನ ಸಾಲಿನಲ್ಲಿ ‘ಕೀರ್ತಿ’ ಬಂತು ಅಂದ್ಕೊಳ್ಳಿ. ಸಾಲುಗಳು ಇಕ್ಕಟ್ಟಾಗಿದ್ದರೆ ಒತ್ತು ಹೋಗಿ ಗುಡಿಸಿಗೆ ತಾಗುತ್ತದೆ, ಓದೋ ಕಣ್ಣು ಅಲ್ಲೇ ಎಡವುತ್ತದೆ. ಇಂಗ್ಲಿಷಿನ ಸಾಲಿನ ಅಂತರವನ್ನು ಕನ್ನಡಕ್ಕೆ ಹಾಗೇ ಹಾಕಲೇಬಾರದು. ಒತ್ತಕ್ಷರ ಇರುವ ಸಾಲನ್ನೇ ಅಳತೆಗೆ ಇಟ್ಟುಕೊಳ್ಳಿ.

ಊರಿನ ಯಕ್ಷಗಾನಕ್ಕೆ ಕರಪತ್ರ ಮಾಡುವವರೇ, ಮೊದಲು ಗೆರೆ ಎಳೆಯಿರಿ. ಕಲಾವಿದರ ಫೋಟೋ ಆಮೇಲೆ ಕೂರಿಸಿ.